ಅರ್ಧ ಇಂಚು

ಉಣ್ಣೆಯ ಓವರ್‌ಕೋಟಿಗೆ ಕಚ್ಚಾ ಹೊಲಿಗೆ ಹಾಕಿ ಊರ ಶಾಲೆಯ ಮಾಸ್ತರರಿಗೆ ತೊಡಿಸಿ ನೋಡಿದಾಗ, ಎಡಹೆಗಲ ಮೇಲೆ ಬಟ್ಟೆ ಉಬ್ಬಿ ನಿಂತಿತು. ಆ ಕಡೆ ಅರ್ಧ ಇಂಚು ಹೆಚ್ಚು ಬಿಟ್ಟು ಕತ್ತರಿಸಿದ್ದು ತಾನೇ ಎಂದು ತುಕಾರಾಮನಿಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೆ ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ಕೂತಿದ್ದರು. ಮೂವತ್ತು ವರ್ಷ ಆ ಊರಿನಲ್ಲಿ ಕೋಟು ಹೊಲಿದವನ ಬಾಯಿಗೆ ತಪ್ಪಾಯಿತು ಎಂಬ ಮಾತು ಬರಲಿಲ್ಲ.

“ಕೋಟು ಬರೋಬ್ಬರಿ ಐತ್ರಿ ಸರ. ನಿಮ್ಮ ಎಡಾ ಹೆಗಲಾ ಇಳದೈತಿ.”

ಗಿರಾಕಿಗಳಿಬ್ಬರೂ ತಿರುಗಿ ಆ ಹೆಗಲನ್ನೇ ನೋಡಿದರು. ಕನ್ನಡಿಯ ಮುಂದಿದ್ದ ಮಾಸ್ತರರ ಮುಖ ಸಣ್ಣಗಾಯಿತು.

“ಇಷ್ಟ ವರ್ಷ ಯಾರೂ ಹೇಳಲೇ ಇಲ್ಲಲ್ಲೋ ತುಕಾರಾಮ. ದಿಲ್ಲ್ಯಾಗ ಅಷ್ಟ ಮಂದಿ ಮುಂದ ಪ್ರಶಸ್ತಿ ತಗೋಳಿಕ್ಕೆ ಹಿಂಗ ಸೊಟ್ಟ ನಿಂದರಬೇಕೇನು?”

ಅವರು ಹೋದ ಮೇಲೆ ತುಕಾರಾಮ ಹೊಲಿಗೆ ಬಿಚ್ಚಿ, ಹೆಚ್ಚಾಗಿದ್ದ ಅರ್ಧ ಇಂಚನ್ನು ಕತ್ತರಿಸಿ ತೆಗೆದ. ಆ ವಾರವೆಲ್ಲ ಮಾಸ್ತರರ ಮುಖ ಕಣ್ಣೆದುರು ಬಂದು ಅವನಿಗೆ ಅನ್ನ ಸೇರಲಿಲ್ಲ. ಕೋಟು ಸರಿಯಾಗಿ ಕೂತರೆ ಎಲ್ಲ ಮುಚ್ಚಿಹೋಗುತ್ತದೆ ಎಂದುಕೊಂಡ.

ಮುಂದಿನ ವಾರ ತೊಡಿಸಿದರೆ ಎಡಗಡೆ ಜಗ್ಗಿ ಮೇಲೆದ್ದಿತು.

“ಸರ, ಹೆಗಲಾ ಸಡಿಲ ಬಿಡ್ರಿ.”

“ಬಿಟ್ರ ಇಳೀತದಲ್ಲೋ! ಎಂಟು ದಿನ ಕನ್ನಡಿ ಮುಂದ ನಿಂತು, ಎತ್ತಿ ಹಿಡಿಯೋದು ರೂಢಿ ಮಾಡೀನಿ. ಡಾಕ್ಟರ ಕಡೆನೂ ಹೋಗಿದ್ದೆ, ಎರಡೂ ಸಮ ಅದಾವ ಅಂದ.” ಮಾಸ್ತರರು ನಕ್ಕರು. “ನಿನ್ನಂಥಾ ಕಣ್ಣ ಅವಗೆಲ್ಲಿಂದ ಬರಬೇಕು?”