ಸಲ್ಕಾಳ ಮತ

"ನಿಮ್ಮೂರ ಆಸ್ಪತ್ರೆ ಕಟ್ಟಿಸಿದ್ದು ನಾವು, ಡೀಸೆಲ್ ಕಳಿಸ್ತಿರೋದೂ ನಾವೇ. ಒಂದ್ಸಲ ಕೈ ಎತ್ತೋಕೆ ಯಾಕಕ್ಕಾ ಇಷ್ಟು ಯೋಚನೆ?" ಕೈರೋದಲ್ಲಿ ಅರಬ್ ದೇಶಗಳ ಸಭೆ ನಡೆದಿರುವಾಗಲೇ ಸಿರಿವಂತ ಕೊಲ್ಲಿ ದೇಶದ ರಾಯಭಾರಿ ಫವ್ವಾಜ್ ಪಕ್ಕಕ್ಕೆ ಬಾಗಿ ಕೇಳಿದ. ತನ್ನ ಮಾತು ಕೇಳದ ನೆರೆದೇಶಕ್ಕೆ ಗೋಧಿ ಹೋಗುವ ದಾರಿಗಳನ್ನೆಲ್ಲ ಮುಚ್ಚಬೇಕೆಂದು ಅವನ ದೇಶ ನಿರ್ಣಯ ತಂದಿತ್ತು.

ಆಫ್ರಿಕಾದ ಬಡ ಅರಬ್ ದೇಶ ಮಾರಿಟೇನಿಯಾದ ಪ್ರತಿನಿಧಿ ಸಲ್ಕಾ ಮುಂದಿದ್ದ ನಿರ್ಣಯದ ಪ್ರತಿಯನ್ನು ಮತ್ತೊಮ್ಮೆ ಓದಿದಳು. ಅವಳ ತಾಯಿಯ ಡಯಾಲಿಸಿಸ್ ನಡೆಯುತ್ತಿದ್ದದ್ದು ಅದೇ ಆಸ್ಪತ್ರೆಯಲ್ಲಿ, ಅದೇ ಡೀಸೆಲ್‌ನಿಂದ ಓಡುವ ಜನರೇಟರಿನ ಕರೆಂಟಿನಲ್ಲಿ. ಅಧ್ಯಕ್ಷರು ಒಪ್ಪಿಗೆ ಕೇಳಿದಾಗ ಸುತ್ತಲಿನ ಕೈಗಳೆಲ್ಲ ಮೇಲೆದ್ದವು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಹಿಡಿದು ಕೂತಳು.

"ನಾಳೆಯಿಂದ ಡೀಸೆಲ್ ಬರಲ್ಲ," ಎಂದ ಫವ್ವಾಜ್.

"ರೋಗಿಗಳಿಗೆ ಕೊಟ್ಟಿದ್ದು ಅಂದ್ಕೊಂಡಿದ್ದೆ ಕಣಣ್ಣ. ನನ್ನ ಕೈ ಕಟ್ಟಿಹಾಕೋಕೆ ಅಂತ ಈಗ ಗೊತ್ತಾಯ್ತು."

"ವಿರೋಧ ಇರುವವರು?" ಅಧ್ಯಕ್ಷರು ಕಾಗದದಿಂದ ತಲೆಯೆತ್ತದೆಯೇ ಕೇಳಿದರು. ಸಲ್ಕಾ ಕೈ ಎತ್ತಿದಳು. ಅವರು ತಲೆಯೆತ್ತಿ ತನ್ನನ್ನು ನೋಡುವವರೆಗೂ ಇಳಿಸಲಿಲ್ಲ.