ಒಂಬತ್ತನೇ ವಾರದ ನಿಂಬೆಹಣ್ಣಿನ ದೀಪ

"ನೋವು ಹೋಯ್ತಲ್ಲ, ಕೊನೇ ದೀಪ ನೀನೇ ಬಗ್ಗಿ ಇಡು," ಎಂದು ಸೀತಮ್ಮ ಬನಶಂಕರಿ ಗುಡಿಯಲ್ಲಿ ಉರಿಯುವ ನಿಂಬೆ ಹೋಳನ್ನು ಮಗ ನಚಿಕೇತನ ಕೈಗಿಟ್ಟರು. ಅವನ ಬೆನ್ನುನೋವಿಗೆಂದೇ ಒಂಬತ್ತು ಮಂಗಳವಾರ ರಾಹುಕಾಲದ ದೀಪದ ಹರಕೆ ಹೊತ್ತಿದ್ದರು.

ನಚಿಕೇತನಿಗೆ ನಿಜಕ್ಕೂ ನೋವಿರಲಿಲ್ಲ. ಆರು ವರ್ಷ ದಿನಾ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಪಾರ್ಕು ಸುತ್ತಿದ್ದ, ಗೋಡೆಗೆ ಬೆನ್ನೊತ್ತಿ ವ್ಯಾಯಾಮ ಮಾಡಿದ್ದ. ಈ ವಾರ ಬೆನ್ನು ತೆಪ್ಪಗಾಗಿತ್ತು. ಅದೇ ಅವನ ದಿಗಿಲು. "ಬೆನ್ನುಮೂಳೆ ಒಂದಕ್ಕೊಂದು ಬೆಸೆದುಕೊಂಡ್ರೆ ನೋವು ನಿಲ್ಲುತ್ತೆ, ಆಮೇಲೆ ಆ ಜಾಗ ಬಗ್ಗಲ್ಲ," ಎಂದು ಡಾಕ್ಟರ್ ಹೇಳಿದ್ದನ್ನು ಅಮ್ಮನಿಗೆ ತಿಳಿಸಿರಲಿಲ್ಲ.

ಬಗ್ಗಲು ಹೋದ. ಬೆನ್ನು ಹಲಗೆಯಂತೆ ನಿಂತುಬಿಟ್ಟಿತು.

"ನೋವಿಲ್ಲ ತಾನೇ?" ಅಮ್ಮ ಕಣ್ಣು ಮುಚ್ಚಿ ಕೈಮುಗಿದುಕೊಂಡೇ ಕೇಳಿದರು.

"ಒಂಚೂರೂ ಇಲ್ಲಮ್ಮ," ಎಂದ. "ದೀಪ ಮಾತ್ರ ನೀನೇ ಕೆಳಗಿಡು."