ಅಪ್ಪನ ಅಳತೆ

"ಏನೇ ಇದು, ನನ್ನ ಜೊತೆ ಇನ್ನೊಬ್ಬ ಬೇಕಾದ್ರೂ ಇದರೊಳಗೆ ನುಗ್ಗಬಹುದು!" ಎಂದು ಅಪ್ಪ ರೆಡಿಮೇಡ್ ಅಂಗಡಿಯ ಕನ್ನಡಿಯ ಮುಂದೆ ತೋಳು ಅಗಲಿಸಿ ನಿಂತರು. ಭುಜಕ್ಕೆ ಸರಿಯಾಗಿದ್ದ ಕೋಟು ಹೊಟ್ಟೆಯ ಹತ್ತಿರ ಜೋತುಬಿದ್ದಿತ್ತು.

"ಮದುವೆ ವಾರದಲ್ಲಿ ಬಂದು ತಗೊಂಡ್ರಾಯ್ತು ಬಿಡಪ್ಪ. ಈಗಲೇ ಏನು ಅವಸರ?" ಎಂದಳು ಮದುವಣಗಿತ್ತಿಯಾಗಲಿದ್ದ ಮಗಳು.

"ಹೆಣ್ಣಿನ ಅಪ್ಪ ಕೊನೇ ಗಳಿಗೇಲಿ ಬಟ್ಟೆ ಹುಡುಕ್ಕೊಂಡು ಅಲೀಬೇಕಾ? ಚೆನ್ನಾಗಿದೆ! ಜೀವಮಾನವಿಡೀ ಬಸ್ ಡಿಪೋದವರು ಕೊಟ್ಟ ಯೂನಿಫಾರ್ಮ್ ಹಾಕ್ಕೊಂಡು ಸ್ಟೇರಿಂಗ್ ತಿರುಗಿಸ್ದೆ ಕಣೇ. ಚಿಕ್ಕದು, ದೊಡ್ಡದು, ಅಷ್ಟೇ ಸೈಜು. ನಮ್ಮ ಮೈಯೇ ಅದಕ್ಕೆ ಹೊಂದ್ಕೋಬೇಕು. ಒಂದೇ ಒಂದು ಸಲ ನನ್ನ ಅಳತೆಗೆ ಅಂತ ಹೊಲಿಸ್ತೀನಿ. ಅದಕ್ಕೂ ಅಡ್ಡಗಾಲು ಹಾಕ್ಬೇಡ."

ಅವಳು ಏನೆಂದು ಹೇಳಿಯಾಳು? ಅಪ್ಪನಿಗೆ ಬರೀ ಹೊಟ್ಟೆಹುಣ್ಣು, ಮಾತ್ರೆ ನುಂಗಿದರೆ ವಾಸಿ ಎಂಬುದು ಮನೆಮಂದಿಯೆಲ್ಲ ಸೇರಿ ಕಟ್ಟಿದ ಕಥೆ. ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು, ಇನ್ನು ಮೈ ಇಳಿಯುತ್ತಲೇ ಹೋಗುತ್ತದೆ, ಮದುವೆ ಮುಂದಕ್ಕೆ ಹಾಕಬೇಡಿ ಎಂದಿದ್ದರು. ಇವತ್ತಿನ ಅಳತೆಗೆ ಹೊಲಿಸಿದ ಕೋಟು ಅವತ್ತು ಅಪ್ಪನ ಮೈಮೇಲೆ ನೇತಾಡುತ್ತದೆ. ಕನ್ನಡಿ ನೋಡಿಕೊಂಡರೆ ಸಾಕು, ಕಟ್ಟಿದ ಕಥೆಯೆಲ್ಲ ಬಯಲು. ರೆಡಿಮೇಡ್ ಆದರೆ ಆ ವಾರ ಅಪ್ಪ ಎಷ್ಟು ಉಳಿದಿರುತ್ತಾರೋ ಅಷ್ಟಕ್ಕೆ ಕೊಳ್ಳಬಹುದು. ಇಂಥ ಲೆಕ್ಕ ಹಾಕಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಪ್ಪನ ಹಟವೇ ಗೆದ್ದಿತು. ಟೈಲರ್ ಅಂಗಡಿಯ ಇಕ್ಕಟ್ಟಿನಲ್ಲಿ ಅವರು ಕವಾಯತಿಗೆ ನಿಂತವರಂತೆ ಎದೆಯುಬ್ಬಿಸಿ ನಿಂತರು. "ಉಸಿರು ಬಿಡಿ ಯಜಮಾನ್ರೇ, ಆಮೇಲೆ ಬೈಸಿಕೊಳ್ಳೋನು ನಾನು" ಎಂದು ಟೈಲರ್ ನಕ್ಕ. ಅಪ್ಪನೂ ನಕ್ಕರು. ಎಷ್ಟು ದಿನವಾಗಿತ್ತೋ ಅವರು ಹಾಗೆ ನಕ್ಕು. ಅವರು ಮೆಟ್ಟಿಲಿಳಿದು ಬೀದಿಗೆ ಹೋದದ್ದೇ ತಡ, ಅವಳು ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದಳು: "ಮಾಸ್ಟರ್, ಎದೆ, ಸೊಂಟ ಎರಡೂ ಕಡೆ ಎರಡೆರಡು ಇಂಚು ಕಡಿಮೆ ಮಾಡಿ ಹೊಲೀರಿ. ಅಪ್ಪನಿಗೆ ಗೊತ್ತಾಗೋದು ಬೇಡ." ಟೈಲರ್ ಹುಬ್ಬೇರಿಸಿ, ಚೀಟಿಯಲ್ಲಿ ಅಳತೆ ತಿದ್ದಿಕೊಂಡ. ಅವಳು ಕಣ್ಣೊರೆಸಿಕೊಂಡು ಕೆಳಗಿಳಿದಳು.

ಹೊಲಿಸುವ ಸೂಟಿಗೆ ನಡುವೆ ಒಮ್ಮೆ ಹಾಕಿ ನೋಡುವ ಟ್ರಯಲ್ ಇರುತ್ತದೆ ಎಂಬುದು ಪಾಪ, ಅವಳ ತಲೆಗೇ ಹೊಳೆದಿರಲಿಲ್ಲ. ಆ ಮನೆಯಲ್ಲಿ ಯಾರಾದರೂ ಸೂಟು ಹೊಲಿಸಿದ್ದರೆ ತಾನೇ! ಮದುವೆಗೆ ಇನ್ನೂ ಸಾಕಷ್ಟು ದಿನವಿರುವಾಗಲೇ ಟೈಲರ್ ಅಪ್ಪನಿಗೆ ಫೋನ್ ಮಾಡಿ ಕರೆದ. ಸುದ್ದಿ ತಿಳಿದು ಅವಳು ಆಫೀಸಿನಿಂದ ಓಡೋಡಿ ಬಂದು ಮೆಟ್ಟಿಲು ಹತ್ತುವಷ್ಟರಲ್ಲಿ, ಬಿಳಿ ದಾರದ ಕಚ್ಚಾ ಹೊಲಿಗೆಯ ಕೋಟು ಅಪ್ಪನ ಮೈಮೇಲಿತ್ತು. ಮುಂದಿನ ಅಂಚುಗಳನ್ನು ಎಷ್ಟು ಜಗ್ಗಿದರೂ ಒಂದಕ್ಕೊಂದು ಕೂಡುತ್ತಿರಲಿಲ್ಲ.

"ಏನ್ರೀ ಮಾಸ್ಟ್ರೇ, ಅವತ್ತು ಟೇಪ್ ಹಿಡಿದದ್ದು ನನಗೋ, ನಿಮ್ಮ ಮೊಮ್ಮಗನಿಗೋ? ಮೊದಲ ಸಲ ಹೊಲಿಸೋನು, ಇವನಿಗೇನು ಗೊತ್ತಾಗುತ್ತೆ ಅಂದ್ಕೊಂಡ್ರಾ?"

"ಸ್ವಲ್ಪ ಸಮಾಧಾನ, ಯಜಮಾನ್ರೇ..."

"ಎಂಥ ಸಮಾಧಾನ! ಅಳತೆ ತಗೊಳ್ಳೋಕೆ ಬರದವರು ಅಂಗಡಿ ಯಾಕೆ ಇಡ್ಬೇಕು?"

ಆ ಮಾತು ಟೈಲರಿಗೆ ಚುರ್ರೆಂದಿತು. "ನನ್ನ ಅಳತೆ ತಪ್ಪಿಲ್ಲ ಸ್ವಾಮಿ. ಎರಡಿಂಚು ಕಡಿಮೆ ಮಾಡಿ ಅಂದದ್ದು ನಿಮ್ಮ ಮಗಳು. ಯಾಕೆ ಅಂತ ಅವರನ್ನೇ ಕೇಳಿ!"

ತಮಾಷೆಗೆ, ಫ್ಯಾಶನ್ನು, ಹೀಗೆ ಏನಾದರೂ ಒಂದು ಸುಳ್ಳು ಹೇಳಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಕಣ್ಣು ಕನ್ನಡಿಯತ್ತ ಹೋಯಿತು. ಅಪ್ಪ ತಿರುಗಲೂ ಇಲ್ಲ, ಕನ್ನಡಿಯೊಳಗಿಂದಲೇ ಅವಳ ಮುಖ ನೋಡಿದರು. ನೋಡುತ್ತಲೇ ಇದ್ದರು. ಅವರ ಮುಖದ ಸಿಟ್ಟು ಮೆಲ್ಲಗೆ ಇಳಿಯಿತು.

ಟೈಲರಿಗೆ ಮಾತನಾಡಿದ್ದು ತಪ್ಪಾಯಿತೇನೋ ಅನ್ನಿಸಿರಬೇಕು. "ಹೋಗ್ಲಿ ಬಿಡಿ ಯಜಮಾನ್ರೇ, ಒಳಗೆ ಬಟ್ಟೆ ಬಿಟ್ಟಿದ್ದೀನಿ. ಬಿಚ್ಚಿ ನಿಮ್ಮ ಅಳತೆಗೇ ಮಾಡ್ಕೊಡ್ತೀನಿ" ಎಂದು ಕತ್ತರಿಗೆ ಕೈ ಹಾಕಿದ.

"ಬೇಡ ಮಾಸ್ಟ್ರೇ." ಅಪ್ಪ ಕೂಡದೆ ಉಳಿದ ಅಂಚುಗಳ ನಡುವೆ ಬೆರಳಿಟ್ಟು ಅಳೆದು ನೋಡಿದರು. "ಹೀಗೇ ಇರಲಿ. ಮದುವೆ ಹೊತ್ತಿಗೆ ಸರಿಹೋಗುತ್ತೆ."